ಹನ್ನೊಂದನೇ ಹಾಸಿಗೆಯವರು ಹೇಳಿದ್ದು

ಹೋದ ವಾರ ನಮ್ಮ ಚರ್ಚಿನ ಸಭೆಯ ವಿಮಲಕ್ಕನಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ನೋಡಿ ಬರೋಣವೆಂದು ಕದ್ರಿ ಕಡೆಯ ಒಂದು ಆಸ್ಪತ್ರೆಗೆ ಹೋದೆ. ಹೊರಗೆ ಮಳೆ. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಆಗಷ್ಟೇ ಒರೆಸಿದ ನೆಲದ ಫಿನಾಯಿಲ್ ಮತ್ತು ಮೂಲೆಯಲ್ಲಿ ಒರಗಿಸಿಟ್ಟ ಒದ್ದೆ ಕೊಡೆಗಳ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ನಾನೀಗ ಸಭಾಪಾಲಕಿ. ಆಸ್ಪತ್ರೆಗೆ ಹೋಗುವುದು ನನಗೆ ಮೀನು ಮಾರ್ಕೆಟ್ಟಿಗೆ ಹೋದಷ್ಟೇ ರೂಢಿ. ಆದರೂ ಹೋಮ್‌ವರ್ಕ್ ಮಾಡದೆ ತರಗತಿಗೆ ಬಂದ ಹುಡುಗಿಯ ಹಾಗೆ ಒಂದು ಗಳಿಗೆ ಲಿಫ್ಟಿನ ಬಾಗಿಲಲ್ಲೇ ನಿಂತುಬಿಟ್ಟೆ. ಓದುವ ಕಾಲದಲ್ಲಿ ನಾನು ತರಬೇತಿಗೆ ಹೋಗುತ್ತಿದ್ದ ಆ ಮಳೆಗಾಲದ ಆಸ್ಪತ್ರೆ ಇದಲ್ಲ, ಅದು ಊರಿನ ಇನ್ನೊಂದು ತುದಿಯಲ್ಲಿತ್ತು. ವಾಸನೆಗೆ ಅಷ್ಟೆಲ್ಲ ವಿಳಾಸ ಗೊತ್ತಾಗುವುದಿಲ್ಲ ಎಂದು ಕಾಣುತ್ತದೆ.

ದೇವಶಾಸ್ತ್ರ ಓದಲು ಸೇರಿದಾಗ ನನಗೆ ಮೂವತ್ತೇಳು ವರ್ಷ. ಅಲ್ಲಿಯವರೆಗೆ ಕಾಟಿಪಳ್ಳದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಮಾತಾಡುವುದೇ ನನ್ನ ಕಸುಬು. ಭಾನುವಾರ ಸಭೆಯಲ್ಲಿ ನಿಂತು ಉಪದೇಶದ ಪ್ರಸಂಗ ಮಾಡುವ ಅವಕಾಶ ಒಂದೆರಡು ಸಲ ಸಿಕ್ಕಿದಾಗ ಹಿರಿಯರು, "ಶೈಲಾ ಟೀಚರ್ ನಿಂತ್ರೆ ಮೈಕ್ ಬೇಡ ಮಾರಾಯ್ರೆ" ಎಂದಿದ್ದರು. ಅದನ್ನು ನಾನು ದೇವರ ಕರೆ ಎಂದೇ ತಿಳಿದುಕೊಂಡೆ. ಪೂರ್ತಿ ತಪ್ಪು ತಿಳಿದುಕೊಂಡಿದ್ದೆ ಎಂದು ಈಗಲೂ ಹೇಳುವುದಿಲ್ಲ. ಗಂಡ ಪ್ರಕಾಶ್ ರಿಫೈನರಿಯಲ್ಲಿ ಶಿಫ್ಟ್ ಡ್ಯೂಟಿಯವರು, ಮಗಳು ಹೈಸ್ಕೂಲಿನಲ್ಲಿದ್ದಳು. ಇಬ್ಬರೂ ಒಪ್ಪಿದರು. ನೌಕರಿ ಬಿಟ್ಟು ದಿನಾ ಬಸ್ಸು ಹತ್ತಿ ಸುರತ್ಕಲ್, ಕೂಳೂರು ದಾಟಿ ಪಟ್ಟಣಕ್ಕೆ ಬರತೊಡಗಿದೆ.

ಸಭಾಪಾಲಕರಾಗಬೇಕಾದರೆ ಬೈಬಲ್ ಓದಿ ಪ್ರಾರ್ಥನೆ ಮಾಡಲು ಬಂದರೆ ಸಾಕು ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ 'ಪದವಿಗೆ ಬೇಕಾದವುಗಳು' ಎಂಬ ಪಟ್ಟಿಯೊಂದು ಗಾಜಿನ ಹಿಂದೆ ಇತ್ತು. ಸೇರಲಿಕ್ಕೇ ಒಂದು ಡಿಗ್ರಿ ಬೇಕು, ಸ್ವಂತ ಸಭೆಯ ಶಿಫಾರಸು ಪತ್ರ ಬೇಕು, ಪ್ರವೇಶ ಪರೀಕ್ಷೆ ಪಾಸಾಗಬೇಕು. ಸೇರಿದ ಮೇಲೆ ಗ್ರೀಕ್, ಹೀಬ್ರೂ, ಸಭೆಯ ಇತಿಹಾಸ, ಪ್ರಸಂಗ ಕಲೆ, ಕೊನೆಗೊಂದು ಪ್ರಬಂಧ. ಹೀಬ್ರೂವನ್ನು ಬಲದಿಂದ ಎಡಕ್ಕೆ ಓದಿ ಓದಿ ನಾನು ಬಸ್ಸಿನ ಬೋರ್ಡನ್ನೂ ಹಿಂದಿನಿಂದ ಓದುವ ಹಾಗಾಗಿತ್ತು. ಅದೆಲ್ಲ ಹೇಗೋ ಸಾಗುತ್ತಿತ್ತು. ಪಟ್ಟಿಯ ಕೊನೆಯ ಸಾಲಿಗೆ ಬಂದಾಗಲೇ ನಾನು ಮುಗ್ಗರಿಸಿದ್ದು. ಮೂರನೆಯ ವರ್ಷದ ಮಳೆಗಾಲದಲ್ಲಿ ಹತ್ತು ವಾರದ ಆಸ್ಪತ್ರೆ ತರಬೇತಿ. ಇದರಲ್ಲಿ ಫೇಲಾದರೆ ಉಳಿದದ್ದೆಲ್ಲ ಪಾಸಾಗಿದ್ದರೂ ಪದವಿ ಇಲ್ಲ. ಪದವಿ ಇಲ್ಲದೆ ಸಭಾಪಾಲಕಿಯಾಗುವ ದೀಕ್ಷೆಯೂ ಇಲ್ಲ.

ಕೆಲಸ ಕೇಳಲು ಸುಲಭ. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಬೇಕು, ರೋಗಿಗಳ ಪಕ್ಕ ಕೂರಬೇಕು. ಅವರು ಯಾವ ಜಾತಿ, ಯಾವ ಧರ್ಮ ಎಂದು ನೋಡುವಂತಿಲ್ಲ, "ಕೂತ್ಕೊಳ್ಬಹುದಾ?" ಎಂದು ಒಪ್ಪಿಗೆ ಕೇಳದೆ ಕೂರುವಂತಿಲ್ಲ. ವಾರಕ್ಕೊಂದು ಭೇಟಿಯನ್ನು ಬರೆದು ಒಪ್ಪಿಸಬೇಕು. ಅದಕ್ಕೆ ವರ್ಬೇಟಿಮ್ ಎಂದು ಹೆಸರು. ಹಾಳೆಯನ್ನು ಎರಡು ಖಾನೆ ಮಾಡಿ, ಎಡಗಡೆ ರೋಗಿ ಏನು ಹೇಳಿದರು, ನಾನು ಏನು ಹೇಳಿದೆ ಎಂಬುದನ್ನು ಅಕ್ಷರ ಬಿಡದೆ ಬರೆಯಬೇಕು. ಬಲಗಡೆ ಆಗ ನನ್ನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು. ಹಾಸಿಗೆಯ ಪಕ್ಕ ಪೆನ್ನು ಹಿಡಿಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಎಲ್ಲ ನೆನಪಿಟ್ಟುಕೊಂಡು ಹೊರಗೆ ಬಂದು ಬರೆಯಬೇಕು. ಸೋಮವಾರ ಆ ಹಾಳೆಯನ್ನು ತರಗತಿಯಲ್ಲಿ ನಾಟಕದ ಹಾಗೆ ಓದುತ್ತಾರೆ. ಸಹಪಾಠಿಯೊಬ್ಬ ರೋಗಿಯ ಮಾತು, ಬರೆದವರು ತಮ್ಮದೇ ಮಾತು.

ಕೇಳಲು ಕೂರುತ್ತಿದ್ದವರು ಎಡ್ವಿನ್ ಅಯ್ಯನವರು. ಸಭಾಪಾಲಕರನ್ನು ನಮ್ಮಲ್ಲಿ ಅಯ್ಯನವರು ಎಂದೇ ಕರೆಯುವುದು. ನಿವೃತ್ತ ಸಭಾಪಾಲಕರು, ಬಹಳ ಕಾಲ ಆಸ್ಪತ್ರೆಗಳಲ್ಲೇ ಸೇವೆ ಮಾಡಿದವರು. ಮಾತು ಕಡಿಮೆ. ಕೈಯಲ್ಲೊಂದು ಮೋಟು ಪೆನ್ಸಿಲ್. ನನ್ನ ಮೊದಲ ವರ್ಬೇಟಿಮ್ ಓದಿದ ಮೇಲೆ ಆ ಪೆನ್ಸಿಲನ್ನು ಸಾಲಿಂದ ಸಾಲಿಗೆ ಇಳಿಸುತ್ತಾ ಹೋದರು.

"ಇದರಲ್ಲಿ ನಿಮ್ಮ ಮಾತು ಇಪ್ಪತ್ತೆರಡು ಸಾಲು ಉಂಟು ಟೀಚರ್. ರೋಗಿಯದ್ದು ನಾಲ್ಕು. ಕಾಯಿಲೆ ಯಾರಿಗೆ?"

ಆರು ಜನರ ತರಗತಿ ಗೊಳ್ಳೆಂದಿತು. ನಾನೂ ನಕ್ಕೆ, ಒಳಗೊಳಗೆ ಉರಿಯಿತು. ಎರಡನೇ ವಾರ ಹದಿನೆಂಟಕ್ಕೆ ಇಳಿಸಿದೆ. ಮೂರನೇ ವಾರ ಮತ್ತೆ ಇಪ್ಪತ್ತು. ನಾಲಗೆ ಕಟ್ಟಿಹಾಕಲು ನನ್ನಿಂದ ಆಗುತ್ತಿರಲಿಲ್ಲ. ಯಾರಾದರೂ "ನೋವು" ಎಂದರೆ ಸಾಕು, ಒಂದು ವಚನ, ಒಂದು ದೃಷ್ಟಾಂತ, ಒಂದು ಧೈರ್ಯದ ಮಾತು, ಒಂದು ಪ್ರಾರ್ಥನೆ, ನಾಲ್ಕೂ ಸಾಲಾಗಿ ಬಂದು ನಿಲ್ಲುತ್ತಿದ್ದವು.

ಐದನೇ ವಾರ ಹೆಂಗಸರ ವಾರ್ಡಿನಲ್ಲಿ ಲೀಲಕ್ಕ ಸಿಕ್ಕಿದರು. ಎಪ್ಪತ್ತರ ಹೆಂಗಸು, ಬಡಕಲು ಮೈ, ಕಿವಿಯಲ್ಲಿ ಸಣ್ಣ ಬೆಂಡೋಲೆ. ನಾನು ಅವರ ಕೈ ಹಿಡಿದು, "ನೋಡಿ, ಆಟಿ ತಿಂಗಳು ಕಳೆಯುವುದರೊಳಗೆ ನೀವು ಮನೆಗೆ ಹೋಗ್ತೀರಿ. ನಾನು ಹೇಳ್ತೇನಲ್ಲ" ಎಂದೆ. ಅವರು ನಂಬಿದರು. ಅವರ ಮುಖ ಅರಳಿದ್ದನ್ನು ನೋಡಿ ನನಗೂ ಬಹಳ ಖುಷಿಯಾಯಿತು. ಎರಡು ದಿನ ಬಿಟ್ಟು ಹೋದರೆ ಹಾಸಿಗೆ ಸುರುಳಿ ಸುತ್ತಿತ್ತು. ನರ್ಸ್ ತಲೆ ಎತ್ತದೆ, "ನಿನ್ನೆ ಬೆಳಿಗ್ಗೆ ತೀರಿಕೊಂಡ್ರು" ಎಂದಳು.

ಅದನ್ನು ನಾನು ಅಯ್ಯನವರ ಹತ್ತಿರ ಹೇಳಲಿಲ್ಲ, ಪ್ರಕಾಶ್ ಹತ್ತಿರ ಹೇಳಲಿಲ್ಲ. ಆಸ್ಪತ್ರೆಗೇನೋ ಹೋಗುತ್ತಿದ್ದೆ. ವಾರ್ಡಿನ ಬಾಗಿಲವರೆಗೆ ಹೋಗಿ, ಫಿನಾಯಿಲ್ ವಾಸನೆಗೆ ಕಾಲು ನಿಂತು, ತಿರುಗಿ ಕ್ಯಾಂಟೀನಿಗೆ ಬಂದು ಚಾ ಕುಡಿಯುತ್ತಾ ಗ್ರೀಕ್ ಕ್ರಿಯಾಪದ ಓದುತ್ತಿದ್ದೆ. ಹೆದರಿದ್ದೆ, ಅಷ್ಟೆ. ಹೇಳಿದ್ದು ಸುಳ್ಳಾಯಿತು ಎಂಬ ಹೆದರಿಕೆ, ಇನ್ನೊಮ್ಮೆ ಹೇಳಿಬಿಟ್ಟರೆ ಎಂಬ ಹೆದರಿಕೆ. ಆ ವಾರದ ಕೊನೆಯ ದಿನ ಗಂಡಸರ ವಾರ್ಡಿನ ಕೌಂಟರಿನಲ್ಲಿ ಹಾಸಿಗೆಗಳ ಪಟ್ಟಿ ಬಿದ್ದಿತ್ತು. ಅದರಲ್ಲಿ ಒಂದು ಸಾಲನ್ನು ಕಣ್ಣಾಡಿಸಿ ನೆನಪಿಟ್ಟುಕೊಂಡೆ. ಹಾಸಿಗೆ ಹನ್ನೊಂದು, ಹಮೀದ್, ಅರವತ್ತಮೂರು, ಉಳ್ಳಾಲ. ಮುಂದಿನ ಖಾನೆಯಲ್ಲಿ ಕಾಯಿಲೆಯ ಹೆಸರಿತ್ತು. ಅದನ್ನು ಓದುವ ಮೊದಲೇ ನರ್ಸ್ ಬಂದಳು, ನಾನು ಜಾಗ ಖಾಲಿ ಮಾಡಿದೆ.

ಭಾನುವಾರ ಮಧ್ಯಾಹ್ನ ಕಾಟಿಪಳ್ಳದ ಮನೆಯ ಊಟದ ಮೇಜಿನ ಮುಂದೆ ಕೂತು, ಹೊರಗೆ ಮಳೆ ಧೋ ಎಂದು ಸುರಿಯುತ್ತಿದ್ದಾಗ, ಮುಖವನ್ನೇ ನೋಡದ ಒಬ್ಬ ಮನುಷ್ಯನ ವರ್ಬೇಟಿಮ್ ಬರೆದೆ. ಹನ್ನೆರಡು ವರ್ಷ ಮಕ್ಕಳ ಸುಳ್ಳು ರಜಾಚೀಟಿ ಹಿಡಿದವಳು ನಾನು. ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ಎಂದು ನನಗೆ ಗೊತ್ತು ಎಂಬ ಜಂಬವೂ ಇತ್ತು. ಕಡಲತಡಿಯ ಉಳ್ಳಾಲ ಎಂದಮೇಲೆ ಮೀನಿನ ವ್ಯಾಪಾರ ಎಂದು ಇಟ್ಟೆ. ಸ್ವಲ್ಪ ಕಾಲ ಗಲ್ಫಿನಲ್ಲಿದ್ದರು ಎಂದು ಸೇರಿಸಿದೆ. ಅಯ್ಯನವರ ಪೆನ್ಸಿಲ್ ನೆನೆದು ಅವರಿಗೆ ಹದಿನೆಂಟು ಸಾಲು ಕೊಟ್ಟು, ನನಗೆ ಆರೇ ಸಾಲು ಇಟ್ಟುಕೊಂಡೆ. ಹದಿನಾಲ್ಕನೇ ಸಾಲಿನಲ್ಲಿ ಅವರು ಅಳುವ ಹಾಗೆ ಮಾಡಿದೆ. ಕೊನೆಯ ಸಾಲಿನಲ್ಲಿ ಅವರೇ, "ನನಗೋಸ್ಕರ ಒಂದು ಪ್ರಾರ್ಥನೆ ಮಾಡಿ ಟೀಚರ್" ಎಂದರು. ಬರೆದು ಮುಗಿಸಿದಾಗ ನನ್ನ ಕಣ್ಣಲ್ಲೂ ನೀರಿತ್ತು. ಅಷ್ಟು ಚೆನ್ನಾಗಿ ಬಂದಿತ್ತು.

ಸೋಮವಾರ ತರಗತಿಯಲ್ಲಿ ಹಮೀದರ ಮಾತು ಓದಿದವನು ನನ್ನ ಸಹಪಾಠಿ ಜೋಯೆಲ್. ದನಿ ನಡುಗಿಸಿ, ನಿಲ್ಲಬೇಕಾದಲ್ಲಿ ನಿಂತು, ಬಹಳ ಭಾವದಿಂದ ಓದಿದ. ಓದು ಮುಗಿಯಿತು. ಅಯ್ಯನವರು ಪೆನ್ಸಿಲನ್ನು ಮೇಜಿನ ಮೇಲಿಟ್ಟರು.

"ಮೊದಲ ಸಲ ರೋಗಿ ನಿಮಗಿಂತ ಹೆಚ್ಚು ಮಾತಾಡಿದ್ದಾರೆ" ಎಂದರು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, "ನಾಳೆ ನಾನು ಅವರನ್ನು ನೋಡ್ಲಿಕ್ಕೆ ಹೋಗ್ತೇನೆ. ನೀವೂ ಬನ್ನಿ" ಎಂದರು.

ಸಿಕ್ಕಿಬಿದ್ದೆ ಎಂದುಕೊಂಡೆ. ಆದರೂ ಮನಸ್ಸು ದಾರಿ ಹುಡುಕುತ್ತಲೇ ಇತ್ತು. ರೋಗಿಗಳಿಗೆ ದಿನಕ್ಕೆ ಹತ್ತು ಜನ ಬಂದು ಹೋಗುತ್ತಾರೆ, ಯಾರು ಬಂದರು ಎಂದು ಯಾರಿಗೆ ನೆನಪಿರುತ್ತದೆ? "ಹೌದು, ಬಂದಿದ್ರು ಕಾಣ್ತದೆ" ಎಂದುಬಿಟ್ಟಾರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಎಂದರೆ ಇದೇ.

ಮಂಗಳವಾರ ಬೆಳಿಗ್ಗೆ ಅಯ್ಯನವರ ಹಿಂದೆ ವಾರ್ಡಿಗೆ ಹೋದೆ. ಹನ್ನೊಂದನೇ ಹಾಸಿಗೆಯಲ್ಲಿ ಎತ್ತರದ ಮೈಕಟ್ಟಿನ ಗಂಡಸೊಬ್ಬರು ದಿಂಬಿಗೆ ಒರಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬೆಳ್ಳಗಿನ ಗಡ್ಡ, ಮೂಗಿನಲ್ಲಿ ಊಟದ ನಳಿಗೆ. ಕುತ್ತಿಗೆಯ ನಡುವೆ ಒಂದು ತೂತು, ಅದಕ್ಕೊಂದು ಸಣ್ಣ ಕೊಳವೆ. ಉಸಿರು ಅಲ್ಲಿಂದ ಹೋಗಿ ಬಂದು ಮಾಡುತ್ತಿತ್ತು. ಪಕ್ಕದ ಸ್ಟೂಲಿನ ಮೇಲಿದ್ದ ಹೆಂಗಸು ತಲೆಯ ಶಾಲು ಸರಿಮಾಡಿಕೊಂಡು ಎದ್ದು ನಿಂತರು.

"ಧ್ವನಿಪೆಟ್ಟಿಗೆ ತೆಗೆದು ಹತ್ತು ದಿನ ಆಯ್ತು ಅಯ್ಯನವರೇ" ಎಂದರು. "ಸೊಸೆ ಈ ಸ್ಲೇಟು ತಂದುಕೊಟ್ಟಿದ್ದಾಳೆ, ಇವರು ಮುಟ್ಟುವುದೇ ಇಲ್ಲ. ಒಂದು ಅಕ್ಷರ ಬರೆದಿಲ್ಲ. ಎಂತ ಬೇಕು ಅಂತ ನಾನು ಹೇಗೆ ತಿಳ್ಕೊಳ್ಳುವುದು?"

ಮಕ್ಕಳು ಗೀಚುವ ಆ ಪ್ಲಾಸ್ಟಿಕ್ ಸ್ಲೇಟು ಹಾಸಿಗೆಯ ಕಾಲಬುಡದಲ್ಲಿತ್ತು. ಕೆಳಗಿನ ಹಿಡಿ ಎಳೆದರೆ ಬರೆದದ್ದು ಅಳಿಸಿಹೋಗುವಂಥದ್ದು. ನಾನು ಅದನ್ನೇ ನೋಡುತ್ತಾ ನಿಂತೆ. ಹದಿನೆಂಟು ಸಾಲು ಮಾತಾಡಿಸಿದ್ದೆ ನಾನು ಈ ಮನುಷ್ಯನನ್ನು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ. ವಾರ್ಡಿನ ನೆಲ ಗಟ್ಟಿಯಾಗಿತ್ತು, ಹಾಗೇನೂ ಆಗಲಿಲ್ಲ.

ಹೊರಗೆ ಕಾರಿಡಾರಿಗೆ ಬಂದ ಮೇಲೆ ಅಯ್ಯನವರು ಕಿಟಕಿಯ ಪಕ್ಕ ನಿಂತು ಕಾದರು. ಅವರು ಕೇಳಲಿಲ್ಲ. ನಾನೇ ಹೇಳಿದೆ. ಲೀಲಕ್ಕನಿಂದ ಹಿಡಿದು ಊಟದ ಮೇಜಿನವರೆಗೆ ಎಲ್ಲ ಅಳುತ್ತಾ ಹೇಳಿದೆ.

"ನಿಮಗೆ ನಿನ್ನೆಯೇ ಗೊತ್ತಿತ್ತಾ?" ಎಂದು ಕೇಳಿದೆ.

"ಆಪರೇಷನಿನ ಹಿಂದಿನ ದಿನ ನಾನು ಅವರ ಹತ್ತಿರ ಕೂತಿದ್ದೆ. ಅದಲ್ಲದಿದ್ದರೂ ಗೊತ್ತಾಗ್ತಿತ್ತು. ನಿಮ್ಮ ಹಾಳೆಯಲ್ಲಿ ಅವರು ಮೊದಲನೇ ಸಾಲಿನಲ್ಲೇ ನಿಮ್ಮನ್ನು ಟೀಚರ್ ಅಂತ ಕರೆದಿದ್ದಾರೆ. ನೀವು ಟೀಚರ್ ಅಂತ ಅವರಿಗೆ ಯಾರು ಹೇಳಿದ್ದು?"

ನಾನು ಮೂಗು ಒರೆಸಿಕೊಂಡೆ. ಸುಳ್ಳು ರಜಾಚೀಟಿ ಹಿಡಿಯುವವಳ ಜಂಬ ಅಲ್ಲಿಗೆ ಇಳಿಯಿತು.

"ಮತ್ತೆ ನಿನ್ನೆ ಕ್ಲಾಸಿನಲ್ಲೇ ಯಾಕೆ ಹೇಳ್ಲಿಲ್ಲ ಅಯ್ಯನವರೇ?"

"ಹೇಳುವ ಕೆಲಸ ನಿಮ್ಮದು, ನನ್ನದಲ್ಲ" ಎಂದರು. ಆಮೇಲೆ ನಿಯಮ ಹೇಳಿದರು. ಕಟ್ಟಿ ಬರೆದ ವರ್ಬೇಟಿಮ್ ಸಿಕ್ಕಿದರೆ ಇಡೀ ತರಬೇತಿ ರದ್ದಾಗಬಹುದು. ಮುಂದಿನ ವರ್ಷದ ಮಳೆಗಾಲದವರೆಗೆ ಕಾಯಬೇಕು, ದೀಕ್ಷೆಯೂ ಅಷ್ಟು ದೂರ ಹೋಗುತ್ತದೆ. ಸಭೆಯ ಶಿಫಾರಸನ್ನು ಹಿಂದೆ ತೆಗೆದುಕೊಳ್ಳುವ ಹಕ್ಕು ಹಿರಿಯರಿಗೆ ಇದೆ. ತೀರ್ಮಾನ ಅಧ್ಯಾಪಕರ ಸಮಿತಿಯದ್ದು. "ನೀವೇ ಒಂದು ಕಾಗದ ಬರೆದು ಕೊಡಿ. ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಉಂಟು. ನನ್ನ ಹತ್ತಿರ ಹೇಳಿದರೆ ಆಗ್ಲಿಕ್ಕಿಲ್ಲ. ಯಾರ ಬಾಯಿಗೆ ಮಾತು ಹಾಕಿದಿರೋ ಅವರ ಹತ್ತಿರ ಹೇಳ್ಬೇಕು."

ಆ ಸಂಜೆ ಮನೆಯಲ್ಲಿ ಪ್ರಕಾಶ್‌ಗೆ ಹೇಳಿದೆ. ನಮ್ಮ ಮನೆಮಾತು ತುಳು, ಅವರು ಅದರಲ್ಲೇ ಹೇಳಿದರು. "ನೌಕರಿ ಬಿಟ್ಟದ್ದು ನಾವಿಬ್ಬರೂ ಸೇರಿ ತೀರ್ಮಾನ ಮಾಡಿ. ಇನ್ನೊಂದು ವರ್ಷ ಕಾಯಬೇಕಾದರೆ ಕಾಯುವ. ಆದರೆ ಅವರ ಹತ್ತಿರ ಹೋಗದೆ ಇರಬೇಡ." ಗಂಡನನ್ನು ಬೈಯಲು ನನಗೆ ದಿನಕ್ಕೆ ಹತ್ತು ಕಾರಣ ಸಿಗುತ್ತವೆ. ಅವತ್ತು ಒಂದೂ ಸಿಗಲಿಲ್ಲ.

ಮರುದಿನ ಹನ್ನೊಂದನೇ ಹಾಸಿಗೆಯ ಮುಂದೆ ನಿಂತೆ. ಹಮೀದ್ ಸಾಹೇಬರು ಕಿಟಕಿಯ ಕಡೆಯೇ ನೋಡುತ್ತಿದ್ದರು.

"ಕೂತ್ಕೊಳ್ಬಹುದಾ ಸಾಹೇಬ್ರೇ?"

ಅವರು ತಿರುಗಲಿಲ್ಲ. ಹೆಂಡತಿ ಝೊಹರಕ್ಕ ಸ್ಟೂಲು ಬಿಟ್ಟುಕೊಡಲು ಎದ್ದರು, ನಾನು ಬೇಡವೆಂದೆ. ಸಾಹೇಬರ ಒಪ್ಪಿಗೆ ಸಿಗದೆ ಕೂರುವ ಹಾಗಿಲ್ಲವಲ್ಲ. ನಿಂತುಕೊಂಡೇ ಹೇಳಿದೆ.

"ನಾನು ದೇವಶಾಸ್ತ್ರ ಓದುವವಳು. ರೋಗಿಗಳ ಹತ್ತಿರ ಮಾತಾಡಿ, ಅವರು ಹೇಳಿದ್ದನ್ನು ಬರೆದು ಕಾಲೇಜಿಗೆ ಕೊಡ್ಬೇಕು. ಹೋದ ವಾರ ನನಗೆ ವಾರ್ಡಿಗೆ ಬರ್ಲಿಕ್ಕೆ ಹೆದರಿಕೆ ಆಯ್ತು. ನಿಮ್ಮನ್ನು ನೋಡದೆ, ನೀವು ಹೇಳಿದ್ದು ಅಂತ ನಾನೇ ಬರೆದು ಕೊಟ್ಟೆ. ನಿಮಗೆ ಆಪರೇಷನ್ ಆದದ್ದು ಗೊತ್ತಿರ್ಲಿಲ್ಲ. ಗೊತ್ತಿದ್ದರೂ ತಪ್ಪೇ. ಕ್ಷಮಿಸ್ಬೇಕು."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಹುಬ್ಬು ಮೇಲೆ ಹೋಯಿತು. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. ಆಮೇಲೆ ಕೈ ಚಾಚಿ ಹಾಸಿಗೆಯ ಕಾಲಬುಡವನ್ನು ತೋರಿಸಿದರು. ಝೊಹರಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಡಿಬಿಡಿಯಲ್ಲಿ ಸ್ಲೇಟು ಎತ್ತಿ ಕೊಟ್ಟರು.

ಹಳೆಯ ಕಾಲದ ಕನ್ನಡ ಶಾಲೆಯ ದುಂಡು ಅಕ್ಷರದಲ್ಲಿ ಅವರು ಬರೆದರು: "ನಾನು ಎಂತ ಹೇಳಿದೆ?"

ಹಾಳೆ ನನ್ನ ಚೀಲದಲ್ಲೇ ಇತ್ತು. ಅವರು ಸ್ಟೂಲಿನ ಕಡೆ ಬೆರಳು ತೋರಿಸಿದ ಮೇಲೆ ಕೂತು ಓದಿದೆ. ಓದುವಾಗ ನನ್ನ ದನಿ ನನಗೇ ಅಸಹ್ಯವಾಗಿತ್ತು. ಮೀನಿನ ವ್ಯಾಪಾರ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. ಬರೆದರು: "ಬಟ್ಟೆ ಅಂಗಡಿ." ಹಿಡಿ ಎಳೆದು ಅಳಿಸಿ ಮತ್ತೆ ಬರೆದರು: "ಮೀನು ತಿನ್ನುವುದು ಮಾತ್ರ." ಗಲ್ಫ್ ಬಂದಾಗ ಬರೆದರು: "ಹೋದದ್ದು ತಮ್ಮ." ಹದಿನಾಲ್ಕನೇ ಸಾಲಿನಲ್ಲಿ ಅವರು ಅಳುವ ಹಾಗೆ ನಾನು ಬರೆದ ಜಾಗ ಬಂದಾಗ ಹಾಸಿಗೆ ಅಲುಗಾಡತೊಡಗಿತು. ನನಗೆ ಗಾಬರಿಯಾಯಿತು. ಕುತ್ತಿಗೆಯ ಕೊಳವೆಯಿಂದ ಗಾಳಿ ಬುಸ್ಸು ಬುಸ್ಸೆಂದು ಬರುತ್ತಿತ್ತು. ನೋಡಿದರೆ ಅವರು ನಗುತ್ತಿದ್ದರು. ಸದ್ದೇ ಇಲ್ಲದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಝೊಹರಕ್ಕ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, "ಹನ್ನೊಂದು ದಿನ ಆಯ್ತು ಟೀಚರ್, ಇವರ ಮುಖ ಹೀಗೆ ನೋಡಿ" ಎಂದು ಅತ್ತುಬಿಟ್ಟರು. ಆ ದಿನ ವಾರ್ಡಿನಲ್ಲಿ ಅಳುವುದಕ್ಕೆ ನಾನು, ಝೊಹರಕ್ಕ ಇದ್ದೆವು. ನನ್ನ ಹಾಳೆಯಲ್ಲಿ ಅತ್ತ ಮನುಷ್ಯ ಒಬ್ಬರೇ ನಕ್ಕಿದ್ದು.

ಕೊನೆಯ ಸಾಲಿಗೆ ಬಂದೆ. ಪ್ರಾರ್ಥನೆ ಮಾಡಿ ಎಂದು ಅವರು ನನ್ನನ್ನು ಬೇಡಿಕೊಂಡದ್ದು. ಅವರು ನಗು ನಿಲ್ಲಿಸಿ, ಕಣ್ಣೊರೆಸಿಕೊಂಡು ಬರೆದರು: "ಬೇಡ ಅಂತ ಇಲ್ಲ. ಆದರೆ ಕೇಳಿದ್ದು ನಾನಲ್ಲ."

ನಾನು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಒಂದು ವಚನವನ್ನೂ ಹುಡುಕದೆ ನಾನು ರೋಗಿಯ ಪಕ್ಕ ಕೂತದ್ದು ಬಹುಶಃ ಅದೇ ಮೊದಲು.

ಅಯ್ಯನವರಿಗೆ ಇದನ್ನೆಲ್ಲ ಹೇಳುವಾಗ ನನ್ನ ದನಿಯಲ್ಲಿ ಸಣ್ಣದೊಂದು ಹೆಮ್ಮೆ ನುಸುಳಿರಬೇಕು. ಅವರು ಕಣ್ಣು ಕಿರಿದು ಮಾಡಿದರು. "ಅವರು ಸ್ಲೇಟು ಹಿಡಿದದ್ದು ಒಳ್ಳೆಯದಾಯ್ತು. ಅದರಿಂದ ನೀವು ಮಾಡಿದ್ದು ಸರಿ ಅಂತ ಆಗುವುದಿಲ್ಲ. ಕಾಗದ ಎಲ್ಲಿ?"

ಕಾಗದ ಕೊಟ್ಟೆ. ಸಮಿತಿ ಸೇರಲು ಎರಡು ವಾರ ಇತ್ತು. ಆ ಎರಡು ವಾರ ನಾನು ದಿನಾ ಹನ್ನೊಂದನೇ ಹಾಸಿಗೆಗೆ ಹೋದೆ. ಸಾಹೇಬರ ಗಾಯ ಒಣಗಲು ತಡವಾಗುತ್ತಿತ್ತು, ಅವರಿಗೂ ಬೇಸರ. ನನ್ನನ್ನು ಕಂಡರೆ ಸ್ಲೇಟು ಎತ್ತಿಕೊಳ್ಳುತ್ತಿದ್ದರು. ಒಂದು ವಾಕ್ಯ ಬರೆಯಲು ಅವರಿಗೆ ಒಂದು ನಿಮಿಷ ಹಿಡಿಯುತ್ತಿತ್ತು. ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಕಾಯುವುದನ್ನು ನಾನು ಕಲಿತೆ. ಕಲಿತೆ ಎಂದರೆ, ಮೊದಲ ದಿನಗಳಲ್ಲಿ ನಾಲಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡು ಕೂರುತ್ತಿದ್ದೆ. ಬರೆದದ್ದನ್ನು ಅವರು ಕೂಡಲೇ ಅಳಿಸುತ್ತಿದ್ದರು. ನೆನಪಿನಲ್ಲಿ ಇಟ್ಟುಕೊಳ್ಳದಿದ್ದರೆ ಹೋಯಿತು. ಅಯ್ಯನವರು ಆರು ವಾರ ಹೇಳಿ ಕಲಿಸಲಾಗದ್ದನ್ನು ಆ ಪ್ಲಾಸ್ಟಿಕ್ ಹಿಡಿ ಕಲಿಸಿತು.

ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕರೆಯುವುದರಲ್ಲಿ ಅವರದ್ದು ಎತ್ತಿದ ಕೈಯಂತೆ. ಝೊಹರಕ್ಕ ಹೇಳಿದರು, "ಇವರು ಅಂಗಡಿಯಲ್ಲಿ ಕರೆದ್ರೆ ಬಸ್‌ಸ್ಟ್ಯಾಂಡಲ್ಲಿ ಇದ್ದವರು ತಿರುಗಿ ನೋಡ್ತಿದ್ರು." ಆಗ ಸಾಹೇಬರು ಬರೆದದ್ದು ಮೂರು ಪದ: "ಇನ್ನು ಯಾರು ಕರೆಯುವುದು?" ನನ್ನ ಬಾಯಿಯ ತುದಿಗೆ ಬಂತು, ಎಲ್ಲ ಸರಿಯಾಗ್ತದೆ ಸಾಹೇಬ್ರೇ ಎಂಬ ಮಾತು. ಲೀಲಕ್ಕನ ಸುರುಳಿ ಸುತ್ತಿದ ಹಾಸಿಗೆ ಕಣ್ಣಮುಂದೆ ಬಂತು. ನುಂಗಿಕೊಂಡೆ. "ನನಗೆ ಗೊತ್ತಿಲ್ಲ ಸಾಹೇಬ್ರೇ" ಎಂದೆ. ಅವರು ತಲೆ ಅಲ್ಲಾಡಿಸಿದರು. ನನ್ನ ಕೈ ಮೇಲೆ ಎರಡು ಸಲ ತಟ್ಟಿ ಕಿಟಕಿಯ ಕಡೆ ತಿರುಗಿದರು. ಇಬ್ಬರೂ ಮಳೆ ನೋಡುತ್ತಾ ಕೂತೆವು.

ಸಮಿತಿ ಸೇರಿದ್ದು ಆಟಿ ಅಮಾವಾಸ್ಯೆಯ ದಿನ. ಬೆಳಿಗ್ಗೆ ಪಕ್ಕದ ಮನೆಯವರು ಪಾಲೆ ಮರದ ಕೆತ್ತೆ, ಎಂದರೆ ತೊಗಟೆ, ಕುದಿಸಿದ ಕಷಾಯ ತಂದುಕೊಟ್ಟಿದ್ದರು. ವರ್ಷವಿಡೀ ಕಾಯಿಲೆ ಬಾರದಿರಲಿ ಎಂದು ನಮ್ಮ ಕಡೆ ಅವತ್ತು ಎಲ್ಲರೂ ಕುಡಿಯುವಂಥದ್ದು. ವಿಷದಂಥ ಕಹಿ. ಗಟಗಟನೆ ಕುಡಿದು ಅದೇ ಬಾಯಲ್ಲಿ ಕಾಲೇಜಿಗೆ ಹೋದೆ. ಕಚೇರಿಯ ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ. ಎದುರಿಗೆ ಗಾಜಿನ ಹಿಂದೆ ಅದೇ ಪಟ್ಟಿ, 'ಪದವಿಗೆ ಬೇಕಾದವುಗಳು'. ಇಷ್ಟು ವರ್ಷದ ಓದು, ಬಿಟ್ಟ ನೌಕರಿ, ಮಗಳಿಗೆ "ಅಮ್ಮ ಅಯ್ಯನವರಾಗ್ತಾಳೆ" ಎಂದಿದ್ದ ಹುಮ್ಮಸ್ಸು, ಎಲ್ಲ ಆ ಕೊನೆಯ ಸಾಲಿನಲ್ಲಿ ನೇತಾಡುತ್ತಿತ್ತು.

ಒಳಗೆ ಕರೆದರು. ಪ್ರಿನ್ಸಿಪಾಲರು ನನ್ನ ಕಾಗದವನ್ನು ಮುಂದೆ ಇಟ್ಟುಕೊಂಡಿದ್ದರು. ಆ ಒಂದು ವರ್ಬೇಟಿಮ್ ರದ್ದು. ನವರಾತ್ರಿ ರಜೆಯಲ್ಲಿ ಇನ್ನೂ ಎರಡು ವಾರ ಹೆಚ್ಚಿಗೆ ತರಬೇತಿ ಮಾಡಬೇಕು. ಹಿರಿಯರಿಗೆ ವಿಷಯ ತಿಳಿಸುತ್ತಾರೆ, ಆದರೆ ಶಿಫಾರಸು ಮುಂದುವರಿಯಲಿ ಎಂದೇ ಬರೆಯುತ್ತಾರೆ. ವರ್ಷ ಹೋಗುವುದಿಲ್ಲ. "ಎಡ್ವಿನ್ ಅಯ್ಯನವರು ನಿಮ್ಮ ಪರವಾಗಿ ಒಂದೇ ಮಾತು ಹೇಳಿದ್ದು" ಎಂದರು ಪ್ರಿನ್ಸಿಪಾಲರು. "ಈಗ ಇವರ ಸಾಲುಗಳು ಕಡಿಮೆಯಾಗಿವೆ ಅಂತ."

ಹೊರಗೆ ಬಂದೆ. ಅಯ್ಯನವರು ಮೆಟ್ಟಿಲಲ್ಲಿ ಕೊಡೆ ಬಿಡಿಸುತ್ತಿದ್ದರು. ಕೈ ಮುಗಿದೆ. ನನಗೆ ಮಾತು ಹೊರಡಲಿಲ್ಲ. "ಇದೇ ಒಳ್ಳೆಯದು" ಎಂದು ಅವರು ಮಳೆಗೆ ಇಳಿದರು.

ಅವತ್ತು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಶಟರು ಸರಿಯಾಗಿ ಇಳಿಯದೆ ನೀರು ಒಳಗೆ ಸಿಡಿದು ಸೀರೆ ಅರ್ಧ ಒದ್ದೆಯಾಯಿತು. ಕಂಡಕ್ಟರ್ ಡ್ರೈವರನಿಗೆ ಹೊರಡು ಎಂದು "ಪೋಯಿ, ಪೋಯಿ" ಕೂಗುತ್ತಿದ್ದ. ಕೂಳೂರು ಸೇತುವೆಯ ಮೇಲೆ ಬಸ್ಸು ನಿಂತೇ ಬಿಟ್ಟಿತು, ಕೆಳಗೆ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಯಾವತ್ತೂ ಟ್ರಾಫಿಕ್ ಜಾಮಿಗೆ ಶಾಪ ಹಾಕುವವಳು ಅವತ್ತು ಎಷ್ಟು ಹೊತ್ತಾದರೂ ನಿಲ್ಲಲಿ ಎಂದುಕೊಂಡೆ. ಎದೆಯ ಮೇಲಿಂದ ಕಡೆಯುವ ಕಲ್ಲು ಇಳಿಸಿಟ್ಟ ಹಾಗಿತ್ತು. ಬಾಯಲ್ಲಿ ಕಷಾಯದ ಕಹಿ ಇನ್ನೂ ಇತ್ತು. ಪಕ್ಕದವರು ನೋಡಿದರೂ ನೋಡಲಿ ಎಂದು ಒಬ್ಬಳೇ ನಕ್ಕೆ.

ಸಾಹೇಬರಿಗೆ ಮರುದಿನ ಹೇಳಿದೆ. ಅವರು ಸ್ಲೇಟಿನ ಮೇಲೆ "ಪಾಸ್" ಎಂದು ಬರೆದು, ಹೆಡ್‌ಮಾಸ್ಟರ ಹಾಗೆ ಕೆಳಗೊಂದು ಗೆರೆ ಎಳೆದು, ಅವತ್ತಿಡೀ ಅಳಿಸದೆ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡರು. ಮುಂದಿನ ವಾರ ಅವರ ಮೂಗಿನ ನಳಿಗೆ ತೆಗೆದರು. ಅದರ ಮುಂದಿನ ವಾರ ಉಳ್ಳಾಲಕ್ಕೆ ಹೋದರು. ಹೋಗುವಾಗ ನನ್ನ ನಂಬರನ್ನು ಝೊಹರಕ್ಕನ ಮೊಬೈಲಿಗೆ ಹಾಕಿಸಿಕೊಂಡರು. ಫೋನು ಮಾಡಿ ಮಾಡುವುದೇನು ಎಂದು ನನಗೆ ಅನಿಸಿತ್ತು, ಕೇಳಲಿಲ್ಲ.

ರಜೆಯ ಎರಡು ವಾರವನ್ನೂ ಮುಗಿಸಿದೆ. ಕೊನೆಯ ವರ್ಬೇಟಿಮ್ ಮೇಲೆ ಅಯ್ಯನವರ ಪೆನ್ಸಿಲ್ ಒಂದೇ ಒಂದು ಸಲ ತಾಗಿತ್ತು, ಸಹಿ ಹಾಕಲು. ಕ್ರಿಸ್ಮಸ್ ಕಳೆಯಿತು. ಹೊಸ ವರ್ಷದ ಒಂದು ಬೆಳಿಗ್ಗೆ ಪ್ರಬಂಧದ ಟಿಪ್ಪಣಿ ಹರಡಿಕೊಂಡು ಕೂತಿದ್ದಾಗ ಫೋನು ರಿಂಗಾಯಿತು. ಝೊಹರಕ್ಕನ ನಂಬರು. ಎತ್ತಿದೆ. "ಹಲೋ, ಝೊಹರಕ್ಕ, ಹೇಗಿದ್ದೀರಿ? ಸಾಹೇಬ್ರು ಹೇಗಿದ್ದಾರೆ? ಗಾಯ ಎಲ್ಲ ಒಣಗಿತಾ?" ಹಳೆಯ ಚಾಳಿ, ಒಂದೇ ಉಸಿರಿಗೆ ಮೂರು ಪ್ರಶ್ನೆ. ಆ ಕಡೆಯಿಂದ ಉತ್ತರ ಇಲ್ಲ. ಬರೀ ಒಂದು ಗುಂಯ್ ಎನ್ನುವ ಸದ್ದು.

ನಾನು ಸುಮ್ಮನಾದೆ. ಕಾದೆ.

ಯಂತ್ರದಿಂದ ಬಂದಂಥ ಒಂದೇ ಶ್ರುತಿಯ ದನಿ, ಒಂದೊಂದೇ ಪದವನ್ನು ಕೆತ್ತಿ ಇಡುವ ಹಾಗೆ ಕ್ಷೀಣವಾಗಿ, ಸ್ಪಷ್ಟವಾಗಿ ಕೇಳಿಸಿತು. "ಟೀಚರ್. ಕುತ್ತಿಗೆಗೆ ಇಡುವ ಮೆಷಿನ್ ಬಂತು. ಅಂಗಡಿಗೆ ಹೋಗ್ತಾ ಇದ್ದೇನೆ." ಹಿಂದೆ ಝೊಹರಕ್ಕ ನಗುತ್ತಿದ್ದರು, ಯಾವುದೋ ಮಗು ಕೂಗುತ್ತಿತ್ತು. ದನಿ ಒಂದು ಗಳಿಗೆ ನಿಂತಿತು. ಮತ್ತೆ ಗುಂಯ್ ಎಂದಿತು.

"ಇದು ನಾನೇ ಹೇಳಿದ್ದು. ಬರ್ಕೊಳ್ಳಿ."

ಬರೆದುಕೊಂಡೆ. ಪ್ರಬಂಧದ ಹಾಳೆಯೊಂದರ ಹಿಂಬದಿಗೆ ನಡುವೆ ಗೆರೆ ಎಳೆದು, ಎಡಗಡೆ ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆದೆ. ಬಲಗಡೆ ಬರೆಯಲು ಒಂದೇ ಪದ ಇತ್ತು, ನಿರಾಳ. ಯಾರಿಗೂ ಒಪ್ಪಿಸಬೇಕಾಗಿಲ್ಲದ ಆ ಹಾಳೆ ಈಗಲೂ ನನ್ನ ಬೈಬಲಿನ ಒಳಗಿದೆ. ಹೋದ ವಾರ ಅದನ್ನು ಚೀಲದಲ್ಲಿಟ್ಟುಕೊಂಡೇ ವಿಮಲಕ್ಕನ ಬಾಗಿಲು ತಟ್ಟಿ, ಕೂತ್ಕೊಳ್ಬಹುದಾ ಎಂದು ಕೇಳಿ, ಅವರು ಹೂಂ ಎನ್ನುವವರೆಗೆ ನಿಂತಿದ್ದೆ.